ಸೋಶಿಯಲ್ ಸೆಕ್ಯುರಿಟಿ ಬಾಕಿ ಒಟ್ಟಿಗೆ ಬಂತು, ಇನ್ಶೂರೆನ್ಸ್‌ನವರು ವಾಪಸ್ ಕೇಳುತ್ತಿದ್ದಾರೆ. ಟ್ಯಾಕ್ಸ್ ಯಾವುದಕ್ಕೆ?

ಸಂಪಿಗೆ_ಟೆಕ್ಸಾಸ್ · 2024 ಡಿಸೆಂಬರ್ 3

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

2022ರ ಫೆಬ್ರವರಿಯಲ್ಲಿ ನಮ್ಮವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡರಲ್ಲೂ ಶಕ್ತಿ ಹೋಯಿತು. ಮಾತು ನಿಧಾನಕ್ಕೆ ಮರಳಿ ಬಂತು, ಕೆಲಸಕ್ಕೆ ಹೋಗುವ ಹಾಗೆ ಆಗಲಿಲ್ಲ. ತಿಂಗಳಿಗೆ 7,000 ಡಾಲರ್ ಸಂಬಳ ಇತ್ತು. ಕಂಪನಿಯವರೇ ಪ್ರೀಮಿಯಂ ಕಟ್ಟುತ್ತಿದ್ದ ಲಾಂಗ್ ಟರ್ಮ್ ಡಿಸಬಿಲಿಟಿ ಇನ್ಶೂರೆನ್ಸ್‌ನಿಂದ ಅದರ 60 ಪರ್ಸೆಂಟ್, ಅಂದರೆ 4,200 ಡಾಲರ್, ಆಗಸ್ಟ್‌ನಿಂದ ಬರಲು ಶುರುವಾಯಿತು. ಅದಕ್ಕೆ ನಾವು ಪ್ರತಿ ವರ್ಷ ಟ್ಯಾಕ್ಸ್ ಕಟ್ಟಿದ್ದೇವೆ. ನನ್ನ ಸಂಬಳ ವರ್ಷಕ್ಕೆ 58,000.

ಕೆಲಸ ಮಾಡಲಾಗದವರಿಗೆ ಅಮೆರಿಕದ ಸರ್ಕಾರ ತಿಂಗಳು ತಿಂಗಳು ಕೊಡುವ ಸೋಶಿಯಲ್ ಸೆಕ್ಯುರಿಟಿ ಡಿಸಬಿಲಿಟಿಗೂ ಇನ್ಶೂರೆನ್ಸ್‌ನವರೇ ಅರ್ಜಿ ಹಾಕಿಸಿದರು. ಮೊದಲ ಎರಡು ಹಂತದಲ್ಲಿ ಸಿಗಲಿಲ್ಲ. ವಕೀಲರನ್ನು ಹಿಡಿದು, ಜಡ್ಜ್ ಮುಂದೆ ವಿಚಾರಣೆ ಮುಗಿದು, ಈ ಅಕ್ಟೋಬರ್‌ನಲ್ಲಿ ಮಂಜೂರಾಯಿತು. 2022ರ ಆಗಸ್ಟ್‌ನಿಂದ 2024ರ ಸೆಪ್ಟೆಂಬರ್‌ವರೆಗೆ 26 ತಿಂಗಳ ಬಾಕಿ ಒಟ್ಟು 56,275 ಡಾಲರ್. ವಕೀಲರ ಫೀಸು 7,200 ಸೋಶಿಯಲ್ ಸೆಕ್ಯುರಿಟಿಯವರೇ ಹಿಡಿದುಕೊಂಡು 49,075 ನಮ್ಮ ಖಾತೆಗೆ ಹಾಕಿದರು. ಎರಡೂವರೆ ವರ್ಷದ ಮೇಲೆ ಅವತ್ತು ರಾತ್ರಿ ನಿದ್ದೆ ಬಂತು.

ಮೊನ್ನೆ ಇನ್ಶೂರೆನ್ಸ್ ಕಂಪನಿಯ ಪತ್ರ ಬಂದಿದೆ. ನಿಮಗೆ ಎರಡೂ ಕಡೆಯಿಂದ ಹಣ ಬಂದಂತಾಯಿತು, 30 ದಿನದೊಳಗೆ 49,075 ಡಾಲರ್ ವಾಪಸ್ ಕೊಡಿ ಅಂತ. ಬಂದದ್ದಷ್ಟೂ ಹೋಗುತ್ತದೆ.

ನನ್ನ ಪ್ರಶ್ನೆ ಇದು. ಬಂದ ಹಣ, ಹೋದ ಹಣ ಸರಿಸಮ. ಹಾಗಿದ್ದರೆ ಟ್ಯಾಕ್ಸ್ ಏನೂ ಇರುವುದಿಲ್ಲ ಅಲ್ವಾ? ಆಫೀಸಿನಲ್ಲಿ ಒಬ್ಬರು ಹಾಗಲ್ಲ ಅಂದರು. ಅವತ್ತಿನಿಂದ ಮತ್ತೆ ನಿದ್ದೆ ಇಲ್ಲ.

ಅಡಿಕೆತೋಟ · 2024 ಡಿಸೆಂಬರ್ 3

ಅಕ್ಕಾ, ಮೊದಲು ಒಂದು ಮಾತು. ತಿಂಗಳಿಗೆ ಇಷ್ಟಿಷ್ಟು ಅಂತ ಕಂತಿಗೆ ಒಪ್ಪಬೇಡಿ. ನಾನು ಒಪ್ಪಿ ಕಳೆದುಕೊಂಡೆ.

ನನ್ನದು ಬೆನ್ನುಮೂಳೆಯ ತೊಂದರೆ. ವಾಪಸ್ ಕೊಡಬೇಕಾಗಿದ್ದದ್ದು 14,400 ಡಾಲರ್. ಕಷ್ಟ ಇದೆ ಅಂತ ಕೇಳಿಕೊಂಡೆ, ತಿಂಗಳಿಗೆ 200ರಂತೆ ಕೊಡಿ ಅಂದರು. ಪುಣ್ಯಾತ್ಮರು ಅಂದುಕೊಂಡೆ. ವರ್ಷಕ್ಕೆ 2,400 ಆಯಿತು. ಟ್ಯಾಕ್ಸ್ ಮಾಡುವಾಗ ಗೊತ್ತಾಯಿತು: ಒಂದು ವರ್ಷದಲ್ಲಿ ವಾಪಸ್ ಕೊಟ್ಟದ್ದು 3,000 ಡಾಲರ್ ಮೀರಿದರೆ ಮಾತ್ರ ಹಿಂದೆ ಕಟ್ಟಿದ ಟ್ಯಾಕ್ಸ್‌ಗೆ ಪರಿಹಾರ. 3,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2018ರಿಂದ ಈಚೆಗೆ ಏನೂ ಸಿಗುವುದಿಲ್ಲ. ನಾನು 12 ಪರ್ಸೆಂಟ್ ಟ್ಯಾಕ್ಸ್ ಕಟ್ಟಿದ್ದ ಹಣ ಅದು. ಒಂದೇ ಸಲ ಕೊಟ್ಟಿದ್ದರೆ ಸುಮಾರು 1,700 ಡಾಲರ್ ನನಗೆ ವಾಪಸ್ ಬರುತ್ತಿತ್ತು. ಅಣ್ಣನ ಹತ್ತಿರ ಕೈಸಾಲ ತೆಗೆದುಕೊಂಡು ಕಟ್ಟಿಬಿಡಬಹುದಿತ್ತು. ಯಾರೂ ಹೇಳಲಿಲ್ಲ.

ಲೆಕ್ಕಿಗ · 2024 ಡಿಸೆಂಬರ್ 4

ನಾನು ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ರಿಟರ್ನ್ ಮಾಡಿಕೊಡುವವನು. ಮೇಡಂ, ನಿಮ್ಮ ಆಫೀಸಿನವರು ಹೇಳಿದ್ದು ಸರಿ. ಬಂದದ್ದರಲ್ಲಿ ಹೋದದ್ದನ್ನು ಕಳೆದು ಸೊನ್ನೆ ಅಂತ ಬರೆಯಲು ಆಗುವುದಿಲ್ಲ. ಮನೆಯಲ್ಲಿ ಹಾಲಿನ ಲೆಕ್ಕ ಬೇರೆ, ದಿನಸಿ ಲೆಕ್ಕ ಬೇರೆ ಇಡುತ್ತೇವಲ್ಲ, ಹಾಗೆ ಇವೆರಡು ಬೇರೆ ಬೇರೆ ಲೆಕ್ಕ.

ಒಂದನೇ ಲೆಕ್ಕ ಸೋಶಿಯಲ್ ಸೆಕ್ಯುರಿಟಿಯದು. ಜನವರಿಯಲ್ಲಿ ನಿಮಗೆ ಎಸ್‌ಎಸ್‌ಎ-1099 ಅಂತ ಒಂದು ಫಾರ್ಮ್ ಬರುತ್ತದೆ. ಅದರಲ್ಲಿ 26 ತಿಂಗಳ ಬಾಕಿ ಪೂರ್ತಿ 2024ರಲ್ಲೇ ಬಂದಂತೆ ಇರುತ್ತದೆ. ವಕೀಲರ ಫೀಸು ನಿಮ್ಮ ಕೈಗೆ ಬಾರದಿದ್ದರೂ ಅದೂ ಅದರಲ್ಲೇ ಸೇರಿರುತ್ತದೆ. ಅದೇ ಫಾರ್ಮ್‌ನಲ್ಲಿ 4ನೇ ಚೌಕ ಇದೆ, ವಾಪಸ್ ಕೊಟ್ಟದ್ದು ಅಂತ. ಅದನ್ನು ನೋಡಿ ಜನ ಮೋಸ ಹೋಗುತ್ತಾರೆ. ಅದು ಸೋಶಿಯಲ್ ಸೆಕ್ಯುರಿಟಿಗೇ ವಾಪಸ್ ಕೊಟ್ಟ ಹಣಕ್ಕೆ ಮಾತ್ರ. ಇನ್ಶೂರೆನ್ಸ್ ಕಂಪನಿಗೆ ಕೊಟ್ಟದ್ದು ಅಲ್ಲಿ ಬರುವುದಿಲ್ಲ, ನೀವಾಗಿ ಅಲ್ಲಿ ಕಳೆಯಲೂ ಬಾರದು.

ಎರಡನೇ ಲೆಕ್ಕ ಇನ್ಶೂರೆನ್ಸ್‌ನದು. 2022ರಲ್ಲೂ 2023ರಲ್ಲೂ ನೀವು ಆದಾಯ ಅಂತ ತೋರಿಸಿ ಟ್ಯಾಕ್ಸ್ ಕಟ್ಟಿದ ಹಣವನ್ನು ಈಗ ವಾಪಸ್ ಕೊಡುತ್ತಿದ್ದೀರಿ. ಆ ಹಳೇ ರಿಟರ್ನ್‌ಗಳನ್ನು ತಿದ್ದುವ ಹಾಗಿಲ್ಲ. ಆಗ ಆ ಹಣ ನಿಮ್ಮದೇ ಅಂತ ನಂಬಿ ತೆಗೆದುಕೊಂಡಿದ್ದಿರಿ. ಈಗ ನಿಮ್ಮದಲ್ಲ ಅಂತ ಆಯಿತು. ಇಂಥದ್ದಕ್ಕೆಂದೇ ಇಲ್ಲಿನ ಟ್ಯಾಕ್ಸ್ ಕಾನೂನಿನಲ್ಲಿ ಸೆಕ್ಷನ್ 1341 ಇದೆ. ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನ ಕೈಪಿಡಿ ಪಬ್ಲಿಕೇಶನ್ 915ರಲ್ಲಿ ನಿಮ್ಮಂಥವರ ಬಗ್ಗೆಯೇ ಒಂದು ಪ್ಯಾರಾ ಇದೆ. ಪಬ್ಲಿಕೇಶನ್ 525ರಲ್ಲಿ ಲೆಕ್ಕ ಹಾಕುವ ಕ್ರಮ ಇದೆ.

ಈಗ ತಿಂಗಳು ಮುಖ್ಯ. ಡಿಸೆಂಬರ್ 31ರೊಳಗೆ ಕೊಟ್ಟರೆ, 2024ರಲ್ಲೇ ಪಡೆದು 2024ರಲ್ಲೇ ವಾಪಸ್ ಕೊಟ್ಟ ಪಾಲಿಗೆ ಯಾವ ಸೆಕ್ಷನ್ನೂ ಬೇಡ. ವರ್ಷದಲ್ಲಿ ಕೊಟ್ಟ ಹಣ ತೋರಿಸಿ ಇನ್ಶೂರೆನ್ಸ್‌ನವರು ಕೊಡುವ ಡಬ್ಲ್ಯೂ-2 ಫಾರ್ಮ್‌ನಲ್ಲೇ ಅಷ್ಟು ಕಡಿಮೆಯಾಗಿ ಬರುತ್ತದೆ. ಜನವರಿಗೆ ತಳ್ಳಿದರೆ ಆ ಪಾಲಿಗೂ ಈಗ ಟ್ಯಾಕ್ಸ್ ಕಟ್ಟಿ, ಇನ್ನೊಂದು ವರ್ಷ ಕಾದು ವಾಪಸ್ ಕೇಳಬೇಕು.

ಆದರೆ ಪತ್ರದಲ್ಲಿರುವ ಮೊತ್ತವನ್ನು ಸುಮ್ನೆ ನಂಬಿ ಚೆಕ್ ಬರೆಯಬೇಡಿ. ನಿಮ್ಮ ಸೋಶಿಯಲ್ ಸೆಕ್ಯುರಿಟಿ ತಿಂಗಳಿಗೆ ಎಷ್ಟೆಷ್ಟು ಇತ್ತು? ಎಲ್ಲಾ ತಿಂಗಳೂ ಒಂದೇ ಮೊತ್ತವಾ?

ಸಂಪಿಗೆ_ಟೆಕ್ಸಾಸ್ · 2024 ಡಿಸೆಂಬರ್ 4

ಇಲ್ಲ ಸರ್. 2022ರಲ್ಲಿ ತಿಂಗಳಿಗೆ 2,000. 2023ರಲ್ಲಿ 2,174. ಈ ವರ್ಷ 2,243.

ಲೆಕ್ಕಿಗ · 2024 ಡಿಸೆಂಬರ್ 4

ಅಂದುಕೊಂಡ ಹಾಗೇ ಆಯಿತು. 2023ಕ್ಕೆ 8.7 ಪರ್ಸೆಂಟ್, 2024ಕ್ಕೆ 3.2 ಪರ್ಸೆಂಟ್ ಏರಿಸಿದ್ದು ಬೆಲೆ ಏರಿಕೆಗೆ ಕೊಡುವ ತುಟ್ಟಿಭತ್ಯೆ ಇದ್ದ ಹಾಗೆ. ಬಹಳಷ್ಟು ಪಾಲಿಸಿಗಳಲ್ಲಿ ಒಂದು ಷರತ್ತು ಇರುತ್ತದೆ: ಸೋಶಿಯಲ್ ಸೆಕ್ಯುರಿಟಿಯ ಮೊದಲ ಮೊತ್ತವನ್ನು ಮಾತ್ರ ಕಳೆಯುತ್ತೇವೆ, ಆಮೇಲೆ ಏರುವ ತುಟ್ಟಿಯನ್ನು ಕಳೆಯುವುದಿಲ್ಲ ಅಂತ. ನಿಮ್ಮ ಪಾಲಿಸಿಯಲ್ಲಿ ಅದು ಇದ್ದರೆ ಅವರು ಕೇಳಬೇಕಾದದ್ದು 26 ತಿಂಗಳಿಗೆ 2,000ದಂತೆ 52,000. ಅದರಲ್ಲಿ ವಕೀಲರ ಫೀಸು 7,200 ಕಳೆದರೆ 44,800. ಅವರು ಪೂರ್ತಿ 56,275 ಹಿಡಿದು ಲೆಕ್ಕ ಹಾಕಿದ್ದಾರೆ. 4,275 ಡಾಲರ್ ವ್ಯತ್ಯಾಸ.

ಪಾಲಿಸಿ ಪುಸ್ತಕ ಕೊಡಿ ಅಂತ ಬರೆದು ಕೇಳಿ. ಖಾಸಗಿ ಕಂಪನಿಗಳ ಗುಂಪು ಪಾಲಿಸಿಗಳು ಸಾಮಾನ್ಯವಾಗಿ ನೌಕರರ ಬೆನಿಫಿಟ್‌ಗಳ ಬಗ್ಗೆ ಇರುವ 1974ರ ಎರಿಸಾ ಕಾನೂನಿಗೆ ಒಳಪಡುತ್ತವೆ. ಬರೆದು ಕೇಳಿದರೆ ಕೊಡಲೇಬೇಕು. ಜೊತೆಗೆ ವಾಪಸ್ ಕೇಳುತ್ತಿರುವ ಮೊತ್ತವನ್ನು ವರ್ಷದ ಪ್ರಕಾರ ಬಿಡಿಸಿ ಕೊಡಿ ಅಂತಲೂ ಅದೇ ಪತ್ರದಲ್ಲಿ ಕೇಳಿ. 1341ರ ಲೆಕ್ಕಕ್ಕೆ ಅದಿಲ್ಲದೆ ಕೈಕಾಲು ಆಡುವುದಿಲ್ಲ.

ತುಂಗಾತೀರ · 2024 ಡಿಸೆಂಬರ್ 5

ನಾನು ಶಿವಮೊಗ್ಗದ ಕಡೆಯ ನಿವೃತ್ತ ಮೇಷ್ಟ್ರು. ಮಗನ ಮನೆಗೆ ಬಂದಿದ್ದೇನೆ. ಸಂಪಿಗೆಯವರೇ, ನಿಮ್ಮ ಯಜಮಾನರು ಬೇಗ ಚೇತರಿಸಿಕೊಳ್ಳಲಿ ತಾಯಿ.

ಒಂದು ಸಂದೇಹ. ನಮ್ಮಲ್ಲಿ ವೇತನ ಆಯೋಗದ ಅರಿಯರ್ಸ್ ಎರಡು ಮೂರು ವರ್ಷದ್ದು ಒಟ್ಟಿಗೆ ಬಂದಾಗ ಆ ಒಂದು ವರ್ಷಕ್ಕೆ ಟ್ಯಾಕ್ಸ್ ಜಾಸ್ತಿ ಬೀಳುತ್ತಿತ್ತು. ಅದಕ್ಕೆ ಸೆಕ್ಷನ್ 89ರಲ್ಲಿ ರಿಲೀಫ್ ಇತ್ತು. 10ಇ ಫಾರ್ಮ್ ತುಂಬಿ, ಆಯಾ ವರ್ಷದ ಪಾಲನ್ನು ಆಯಾ ವರ್ಷಕ್ಕೆ ಹಂಚಿ ಲೆಕ್ಕ ತೋರಿಸುತ್ತಿದ್ದೆವು. ನಾನೇ ನಮ್ಮ ಶಾಲೆಯ ಎಷ್ಟೋ ಜನರಿಗೆ ತುಂಬಿಕೊಟ್ಟಿದ್ದೇನೆ. ಅಮೆರಿಕದಲ್ಲಿ ಅಂಥದ್ದು ಇಲ್ಲವೇ?

ಲೆಕ್ಕಿಗ · 2024 ಡಿಸೆಂಬರ್ 5

ಇದೆ ಮೇಷ್ಟ್ರೇ. ಬಹಳ ಒಳ್ಳೇ ಪ್ರಶ್ನೆ. ಇಲ್ಲಿ ಅದಕ್ಕೆ ಲಂಪ್‌ಸಮ್ ಎಲೆಕ್ಷನ್, ಅಂದರೆ ಒಟ್ಟಿಗೆ ಬಂದ ಹಣದ ಲೆಕ್ಕಕ್ಕೆ ಇರುವ ಆಯ್ಕೆ, ಅನ್ನುತ್ತಾರೆ. ನಿಮ್ಮ 10ಇ ಇದ್ದ ಹಾಗೇ, ಆದರೆ ಸ್ವಲ್ಪ ಬೇರೆ. ಟ್ಯಾಕ್ಸ್ ದರವನ್ನು ಹಳೇ ವರ್ಷದಿಂದ ತರುವುದಿಲ್ಲ. ಬಾಕಿಯಲ್ಲಿ ಎಷ್ಟು ಭಾಗಕ್ಕೆ ಟ್ಯಾಕ್ಸ್ ಅನ್ನುವುದನ್ನು ಮಾತ್ರ ಹಳೇ ವರ್ಷದ ಆದಾಯ ನೋಡಿ ತೀರ್ಮಾನಿಸುತ್ತಾರೆ. ಆ ಭಾಗವನ್ನು ತಂದು ಈ ವರ್ಷದ ಆದಾಯಕ್ಕೇ ಸೇರಿಸಬೇಕು.

ಸೋಶಿಯಲ್ ಸೆಕ್ಯುರಿಟಿಯ ಹಣ ಪೂರ್ತಿಗೆ ಯಾವತ್ತೂ ಟ್ಯಾಕ್ಸ್ ಬೀಳುವುದಿಲ್ಲ, ಬಿದ್ದರೆ ಒಂದು ಭಾಗಕ್ಕೆ ಮಾತ್ರ. ಅದರ ಅರ್ಧವನ್ನು ಉಳಿದ ಆದಾಯಕ್ಕೆ ಸೇರಿಸಿ ನೋಡುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡುವವರಿಗೆ ಅದು 32,000 ಒಳಗೆ ಇದ್ದರೆ ಏನೂ ಇಲ್ಲ. 44,000 ದಾಟಿದ ಮೇಲೆ ಟ್ಯಾಕ್ಸ್ ಬೀಳುವ ಭಾಗ ಏರುತ್ತಾ ಹೋಗಿ 85 ಪರ್ಸೆಂಟ್‌ಗೆ ನಿಲ್ಲುತ್ತದೆ. ಒಂಟಿಯಾಗಿ ಫೈಲ್ ಮಾಡುವವರಿಗೆ ಈ ಗಡಿಗಳು 25,000 ಮತ್ತು 34,000. ಮೊದಲ ಗಡಿ 1983ರ ಕಾನೂನಿನದು, ಎರಡನೆಯದು 1993ರದ್ದು. ಅಲ್ಲಿಂದ ಇಲ್ಲಿಗೆ ಬೆಲೆಗಳು ಎಲ್ಲಿಂದೆಲ್ಲಿಗೋ ಹೋಗಿವೆ, ಈ ಗಡಿಗಳನ್ನು ಒಂದು ಡಾಲರೂ ಏರಿಸಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಸಂಪಿಗೆ ಮೇಡಂ, ನಿಮಗೆ ಈ ಎಲೆಕ್ಷನ್‌ನಿಂದ ಲಾಭ ಆಗುವುದಿಲ್ಲ ಅನಿಸುತ್ತದೆ. ನಿಮ್ಮ ಸಂಬಳ ಒಂದೇ 58,000 ಇದೆ, ಜೊತೆಗೆ ಇನ್ಶೂರೆನ್ಸ್ ಹಣ. ಮೂರೂ ವರ್ಷ ನೀವು 85 ಪರ್ಸೆಂಟ್‌ನಲ್ಲೇ ಇದ್ದೀರಿ. ಹಂಚಿದರೂ ಅಷ್ಟೇ, ಹಂಚದಿದ್ದರೂ ಅಷ್ಟೇ. ಆದರೂ ಲೆಕ್ಕ ಹಾಕಿಯೇ ಬಿಡಬೇಕು.

ಇನ್ನೊಂದು. ಊರಿನಲ್ಲಿ ಎನ್‌ಆರ್‌ಇ ಎಫ್‌ಡಿ, ಅಂದರೆ ಹೊರದೇಶದಲ್ಲಿರುವವರು ಅಲ್ಲಿನ ಬ್ಯಾಂಕಿನಲ್ಲಿ ಇಡುವ ಠೇವಣಿ, ಇದೆಯಾ? ಅದರ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ ಅಂತ ಎಷ್ಟೋ ಜನ ಇಲ್ಲೂ ತೋರಿಸುವುದಿಲ್ಲ. ಇಲ್ಲಿ ಅದಕ್ಕೆ ಟ್ಯಾಕ್ಸ್ ಇದೆ, ಈ ಗಡಿಯ ಲೆಕ್ಕಕ್ಕೂ ಅದು ಸೇರುತ್ತದೆ.

ಸಂಪಿಗೆ_ಟೆಕ್ಸಾಸ್ · 2024 ಡಿಸೆಂಬರ್ 5

ಇದೆ ಸರ್. ಅತ್ತೆಯವರ ಔಷಧಿ ಖರ್ಚಿಗೆ ಅಂತ ಮೈಸೂರಿನಲ್ಲಿ ಇಟ್ಟದ್ದು. ವರ್ಷಕ್ಕೆ ಸುಮಾರು 1,500 ಡಾಲರ್ ಬಡ್ಡಿ. ಪ್ರತಿ ವರ್ಷ ತೋರಿಸಿದ್ದೇವೆ.

ಹೊಳೆಸಾಲು · 2024 ಡಿಸೆಂಬರ್ 6

ಲೆಕ್ಕಿಗರು ಹೇಳಿದ ಎಲೆಕ್ಷನ್ ನನ್ನನ್ನು ಉಳಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಒಹಾಯೋದಲ್ಲಿ ಒಬ್ಬಳೇ ಇದ್ದೇನೆ. ಕಣ್ಣಿನ ನರದ ಕಾಯಿಲೆಯಿಂದ ಕೆಲಸ ಬಿಡಬೇಕಾಯಿತು. ಮಹಡಿ ಬಾಡಿಗೆಗೆ ಕೊಟ್ಟಿದ್ದೇನೆ, ಖರ್ಚು ಕಳೆದು ವರ್ಷಕ್ಕೆ 15,000 ಉಳಿಯುತ್ತದೆ. 2023ರಲ್ಲಿ ನನಗೆ ಒಟ್ಟಿಗೆ 60,000 ಬಂತು. ಅದರಲ್ಲಿ 2021 ಮತ್ತು 2022ರ ಪಾಲು 21,600ರಂತೆ, ಉಳಿದ 16,800 ಆ ವರ್ಷದ್ದು.

ಒಟ್ಟಿಗೆ ಹಿಡಿದರೆ 15,000ಕ್ಕೆ 60,000ದ ಅರ್ಧ 30,000 ಸೇರಿ 45,000 ಆಗುತ್ತಿತ್ತು. 13,850 ಡಾಲರ್‌ಗೆ ಟ್ಯಾಕ್ಸ್ ಬೀಳುತ್ತಿತ್ತು. ವರ್ಷದ ಪ್ರಕಾರ ಬಿಡಿಸಿದಾಗ ಹಿಂದಿನ ಎರಡು ವರ್ಷದಲ್ಲಿ 25,800 ಆಯಿತು, ಗಡಿಗಿಂತ 800 ಮಾತ್ರ ಮೇಲೆ. ಅದರ ಅರ್ಧಕ್ಕೆ ಮಾತ್ರ ಟ್ಯಾಕ್ಸ್, 400ರಂತೆ ಎರಡು ವರ್ಷಕ್ಕೆ 800. ಮೂರನೇ ವರ್ಷಕ್ಕೆ ಸೊನ್ನೆ. 13,850 ಇದ್ದದ್ದು 800ಕ್ಕೆ ಇಳಿಯಿತು. ಕಟ್ಟಬೇಕಾದ ಟ್ಯಾಕ್ಸ್ ಸುಮಾರು 1,580ರಿಂದ 195ಕ್ಕೆ ಬಂತು. ಟ್ಯಾಕ್ಸ್ ರಿಟರ್ನ್‌ನ 1040 ಫಾರ್ಮ್‌ನ 6ಸಿ ಸಾಲಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು, ಅಷ್ಟೇ. ಲೆಕ್ಕದ ಹಾಳೆಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಕು.

ಆದರೆ ನನ್ನ ಸಂಕಟ ಬೇರೆ ಇತ್ತು. ನನ್ನ ಡಿಸಬಿಲಿಟಿ ಪಾಲಿಸಿಯ ಪ್ರೀಮಿಯಂ ನಾನೇ ಕಟ್ಟುತ್ತಿದ್ದೆ, ಟ್ಯಾಕ್ಸ್ ಕಳೆದ ಸಂಬಳದಲ್ಲಿ. ಹಾಗಾಗಿ ಅಲ್ಲಿಂದ ಬಂದ ಹಣಕ್ಕೆ ಟ್ಯಾಕ್ಸ್ ಇರಲಿಲ್ಲ. ವಾಪಸ್ ಕೊಟ್ಟಾಗಲೂ ಏನೂ ಸಿಗಲಿಲ್ಲ. ಟ್ಯಾಕ್ಸ್ ಇಲ್ಲದ ಹಣ ಕೈಯಿಂದ ಹೋಯಿತು, ಅದರ ಜಾಗಕ್ಕೆ ಟ್ಯಾಕ್ಸ್ ಇರುವ ಹಣ ಬಂತು. ಎಲೆಕ್ಷನ್ ಇಲ್ಲದಿದ್ದರೆ ನಾನು ಇಷ್ಟೂ ಕಾಯಿಲೆ ಅನುಭವಿಸಿ ಮೊದಲಿಗಿಂತ ಬಡವಳಾಗುತ್ತಿದ್ದೆ.

ಲೆಕ್ಕಿಗ · 2024 ಡಿಸೆಂಬರ್ 6

ಹೊಳೆಸಾಲು ಅವರೇ, ಇದನ್ನು ಬರೆದದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. 1341 ಸಿಗುವುದು ಹಿಂದೆ ಆದಾಯ ಅಂತ ತೋರಿಸಿದ ಹಣಕ್ಕೆ ಮಾತ್ರ. ತೋರಿಸದೇ ಇದ್ದ ಹಣಕ್ಕೆ ಅದನ್ನು ಕೇಳಿದರೆ ಐಆರ್‌ಎಸ್‌ನಿಂದ ನೋಟಿಸ್ ಬರಬಹುದು.

ಕೊಡಚಾದ್ರಿ_ನೆರಳು · 2024 ಡಿಸೆಂಬರ್ 8

ನಮ್ಮ ಮನೆಯಲ್ಲಿ ಮಕ್ಕಳ ಪಾಲಿನಿಂದ ಗೊಂದಲ ಆಗಿತ್ತು. ನನಗೆ ಡಿಸಬಿಲಿಟಿ ಮಂಜೂರಾದಾಗ ಹದಿನೆಂಟು ತುಂಬದ ಮಗಳಿಗೂ ಒಂದು ಪಾಲು ಬಂತು. ಇನ್ಶೂರೆನ್ಸ್‌ನವರು ಮಗಳ ಪಾಲನ್ನೂ ಸೇರಿಸಿ ವಾಪಸ್ ಕೇಳಿದರು. ನಮ್ಮ ಪಾಲಿಸಿಯಲ್ಲಿ ಹಾಗೆಯೇ ಬರೆದಿತ್ತು.

ಮಗಳ ಹಣಕ್ಕೆ ಎಸ್‌ಎಸ್‌ಎ-1099 ಮಗಳ ನಂಬರ್‌ನಲ್ಲೇ ಬರುತ್ತದೆ. ಅದು ಅವಳ ಆದಾಯ, ನಮ್ಮ ರಿಟರ್ನ್‌ಗೆ ಸೇರಿಸಬಾರದು. ಅವಳಿಗೆ ಬೇರೆ ಆದಾಯ ಇಲ್ಲದ್ದರಿಂದ ಟ್ಯಾಕ್ಸ್ ಏನೂ ಬೀಳಲಿಲ್ಲ. ಇನ್ನು ಅವಳ ಹೆಸರಿನ ಲೆಕ್ಕದಲ್ಲಿ ನಾನು ವಾಪಸ್ ಕೊಟ್ಟದ್ದು ನನ್ನ ಇನ್ಶೂರೆನ್ಸ್ ಹಣವೇ. ನಾನೇ ಅದಕ್ಕೆ ಟ್ಯಾಕ್ಸ್ ಕಟ್ಟಿದ್ದೆ. ಹಾಗಾಗಿ ಪೂರ್ತಿ ನನ್ನ 1341 ಲೆಕ್ಕಕ್ಕೇ ಬಂತು. ಮೊದಲು ಮಾಡಿಕೊಟ್ಟವರು ಮಗಳ ಹಣವನ್ನು ನನ್ನ ಆದಾಯಕ್ಕೆ ಸೇರಿಸಿಬಿಟ್ಟಿದ್ದರು. ತಿದ್ದಿಸಲು ಒಂದು ವರ್ಷ ಹಿಡಿಯಿತು.

ಬಯಲುಸೀಮೆ_ಹುಡುಗ · 2024 ಡಿಸೆಂಬರ್ 9

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್1ಬಿ ಮೇಲೆ ಬಂದು ಆರು ವರ್ಷ ಆಯಿತು, ವಯಸ್ಸು 36. ನಮಗೆಲ್ಲ ಈ ಡಿಸಬಿಲಿಟಿ ಸಿಗುತ್ತದಾ? ಬೆಂಗಳೂರಿನಲ್ಲಿ ಎಂಟು ವರ್ಷ ಪಿಎಫ್ ಕಟ್ಟಿದ್ದು ಲೆಕ್ಕಕ್ಕೆ ಬರುತ್ತದಾ?

ಲೆಕ್ಕಿಗ · 2024 ಡಿಸೆಂಬರ್ 9

ಪಿಎಫ್ ಬರುವುದಿಲ್ಲ ತಮ್ಮಾ. ಒಂದು ದೇಶದಲ್ಲಿ ಕಟ್ಟಿದ್ದನ್ನು ಇನ್ನೊಂದರಲ್ಲಿ ಲೆಕ್ಕಕ್ಕೆ ಹಿಡಿಯುವ ಒಪ್ಪಂದ ಭಾರತಕ್ಕೂ ಅಮೆರಿಕಕ್ಕೂ ಇಲ್ಲ. ಆದರೆ 31 ದಾಟಿದವರಿಗೆ ಕೊನೆಯ 10 ವರ್ಷದಲ್ಲಿ 20 ಕ್ರೆಡಿಟ್ ಬೇಕು, ಅಂದರೆ ಐದು ವರ್ಷದ ದುಡಿಮೆ. ನಿಮ್ಮ ವಯಸ್ಸಿಗೆ ಅಷ್ಟು ಸಾಕು, ಆರು ವರ್ಷ ಬಿಡದೆ ದುಡಿದಿದ್ದರೆ ಆಗಿದೆ. ಆಫೀಸಿನಲ್ಲಿ ಲಾಂಗ್ ಟರ್ಮ್ ಡಿಸಬಿಲಿಟಿಗೆ ಪ್ರೀಮಿಯಂ ನೀವೇ ಕಟ್ಟುವ ಆಯ್ಕೆ ಇದ್ದರೆ ಟ್ಯಾಕ್ಸ್ ಕಳೆದ ಹಣದಲ್ಲಿ ಕಟ್ಟಿ. ತಿಂಗಳಿಗೆ ಕೆಲವು ಡಾಲರ್ ಜಾಸ್ತಿ, ಕಷ್ಟ ಬಂದ ದಿನ ಬರುವ ಹಣಕ್ಕೆ ಟ್ಯಾಕ್ಸ್ ಇರುವುದಿಲ್ಲ. ವಾಪಸ್ ಕೊಡುವಾಗ ಹೊಳೆಸಾಲು ಅವರಿಗೆ ಆದ ತೊಂದರೆ ಇದೆ, ಆದರೂ ಒಟ್ಟಾರೆ ನೋಡಿದರೆ ಅದೇ ಒಳ್ಳೆಯದು.

ಸಂಪಿಗೆ_ಟೆಕ್ಸಾಸ್ · 2024 ಡಿಸೆಂಬರ್ 20

ಪಾಲಿಸಿ ಪುಸ್ತಕ ಬಂತು. 60ಕ್ಕೂ ಹೆಚ್ಚು ಪುಟ. ರಾತ್ರಿ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ನಾನೂ ನಮ್ಮವರೂ ಓದಿದೆವು. ಆ ಷರತ್ತನ್ನು ಮೊದಲು ಕಂಡದ್ದು ಅವರೇ. ಎಡಗೈ ಬೆರಳಿಟ್ಟು ತೋರಿಸಿದರು.

ಅದನ್ನು ಎತ್ತಿ ಬರೆದು ಪತ್ರ ಕಳಿಸಿದೆ. ಹತ್ತು ದಿನದಲ್ಲಿ ಉತ್ತರ ಬಂತು: 44,800 ಡಾಲರ್ ಕೊಟ್ಟರೆ ಸಾಕು. 4,275 ಡಾಲರ್ ನಮಗೆ ಉಳಿಯಿತು. ವರ್ಷದ ಪ್ರಕಾರ ಬಿಡಿಸಿಯೂ ಕೊಟ್ಟಿದ್ದಾರೆ: 2022ಕ್ಕೆ 8,615, 2023ಕ್ಕೆ 20,677, 2024ಕ್ಕೆ 15,508. ಇವತ್ತು ಬ್ಯಾಂಕಿಗೆ ಹೋಗಿ ಒಂದೇ ಸಲ ಕಳಿಸಿದೆ. ರಸೀದಿ ಫೋಟೋ ತೆಗೆದು ಇಟ್ಟಿದ್ದೇನೆ.

ಅಡಿಕೆತೋಟದವರೇ, ಅವರು ಫೋನಿನಲ್ಲಿ ಕಂತಿನ ಮಾತು ಎತ್ತಿದರು. ನಿಮ್ಮನ್ನು ನೆನೆಸಿಕೊಂಡೆ. ಬೇಡ ಅಂದೆ.

ಅಡಿಕೆತೋಟ · 2024 ಡಿಸೆಂಬರ್ 20

ಓದಿ ಕಣ್ಣು ತುಂಬಿತು ಅಕ್ಕಾ. ನನಗೆ ಹೋದದ್ದು ಹೋಯಿತು, ನಿಮಗೆ ಉಳಿಯಿತಲ್ಲ.

ತುಂಗಾತೀರ · 2024 ಡಿಸೆಂಬರ್ 21

ಮುಂದಿನ ತಿಂಗಳುಗಳ ಬೆನಿಫಿಟ್‌ನಲ್ಲಿ ಹಿಡಿದುಕೊಳ್ಳಿ ಅಂತ ಇನ್ಶೂರೆನ್ಸ್‌ನವರಿಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ? ಕೈಯಿಂದ ಹಣ ಹೋಗುವುದು ತಪ್ಪುತ್ತಿತ್ತು.

ಲೆಕ್ಕಿಗ · 2024 ಡಿಸೆಂಬರ್ 21

ಹಾಗೂ ಮಾಡುತ್ತಾರೆ ಮೇಷ್ಟ್ರೇ. ಆಗ ಒಂದನ್ನು ಬರಹದಲ್ಲಿ ಕೇಳಬೇಕು: ಹಿಡಿದುಕೊಂಡ ತಿಂಗಳುಗಳ ಹಣವನ್ನು ಡಬ್ಲ್ಯೂ-2ನಲ್ಲಿ ಕೊಟ್ಟಂತೆ ತೋರಿಸುತ್ತೀರಾ, ಇಲ್ಲವಾ ಅಂತ. ಕೈಗೆ ಬಾರದ ಹಣ ಕೊಟ್ಟಂತೆ ಬಂದರೆ ಮತ್ತೆ ಓಡಾಟ. ಒಂದೇ ಸಲ ಕೊಟ್ಟರೆ ದಿನಾಂಕ ಸ್ಪಷ್ಟ, ಮೊತ್ತ ಸ್ಪಷ್ಟ, ರಸೀದಿ ಕೈಯಲ್ಲಿ.

ಹಿಂದಿನ ವರ್ಷದ ಪಾಲಿಗೆ ತಿದ್ದಿದ ಡಬ್ಲ್ಯೂ-2 ಕೊಡಿ ಅಂತ ಕೆಲವರು ಕಂಪನಿ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಅದು ಬೇಡ. ಹಳೇ ವರ್ಷದ ಆದಾಯ ತೋರಿಸುವ 1ನೇ ಚೌಕವನ್ನು ಅವರು ತಿದ್ದುವ ಹಾಗಿಲ್ಲ. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಟ್ಯಾಕ್ಸ್ ಹಿಡಿದಿದ್ದರೆ ಅದನ್ನು ಮಾತ್ರ ತಿದ್ದುತ್ತಾರೆ. ಅದೂ ಕೆಲಸ ನಿಲ್ಲಿಸಿದ ತಿಂಗಳ ನಂತರದ ಆರು ತಿಂಗಳಲ್ಲಿ ಬಂದ ಹಣಕ್ಕೆ ಮಾತ್ರ ಇರುತ್ತದೆ.

ಸಂಪಿಗೆ_ಟೆಕ್ಸಾಸ್ · 2025 ಫೆಬ್ರವರಿ 11

ಎರಡೂ ಫಾರ್ಮ್ ಬಂದಿವೆ ಸರ್. ಇನ್ಶೂರೆನ್ಸ್‌ನ ಡಬ್ಲ್ಯೂ-2ನಲ್ಲಿ 28,892 ಇದೆ. ಕೊಟ್ಟದ್ದು 44,400, ಅದರಲ್ಲಿ 15,508 ಕಳೆದಿದ್ದಾರೆ. ಸರಿ ಇದೆ ಅಲ್ವಾ? ಎಸ್‌ಎಸ್‌ಎ-1099ರಲ್ಲಿ 60,761. ಬಾಕಿಯ ಜೊತೆಗೆ ನವೆಂಬರ್, ಡಿಸೆಂಬರ್‌ನಲ್ಲಿ ಬಂದ ಎರಡು ತಿಂಗಳದ್ದೂ ಸೇರಿದೆ. ಮನೆಯ ಪ್ರಾಪರ್ಟಿ ಟ್ಯಾಕ್ಸ್ 6,500, ಸಾಲದ ಬಡ್ಡಿ 5,500.

ಲೆಕ್ಕಿಗ · 2025 ಫೆಬ್ರವರಿ 12

ಸರಿ ಇದೆ. ನಿಮ್ಮ ಅನುಮತಿಯಿಂದ ಲೆಕ್ಕ ಇಲ್ಲೇ ಬಿಡಿಸಿ ಹಾಕುತ್ತೇನೆ. ಬೇರೆಯವರಿಗೂ ದಾರಿ ಗೊತ್ತಾಗಲಿ.

2024ರ ಆದಾಯ: ನಿಮ್ಮ ಸಂಬಳ 58,000, ಇನ್ಶೂರೆನ್ಸ್ 28,892, ಎಫ್‌ಡಿ ಬಡ್ಡಿ 1,500, ಸೋಶಿಯಲ್ ಸೆಕ್ಯುರಿಟಿಯ 85 ಪರ್ಸೆಂಟ್ 51,647. ಒಟ್ಟು 1,40,039. ಲಂಪ್‌ಸಮ್ ಎಲೆಕ್ಷನ್ ಹಾಕಿ ನೋಡಿದೆ, ಒಂದು ಡಾಲರೂ ಇಳಿಯಲಿಲ್ಲ.

ಇನ್ನು ಹಳೇ ವರ್ಷಗಳಿಗೆ ವಾಪಸ್ ಕೊಟ್ಟದ್ದು. 8,615ಕ್ಕೆ 20,677 ಸೇರಿ 29,292. 3,000 ಮೀರಿದೆ, ಹಾಗಾಗಿ ಎರಡು ದಾರಿ ಇದೆ. ಎರಡನ್ನೂ ಹಾಕಿ ಯಾವುದರಲ್ಲಿ ಟ್ಯಾಕ್ಸ್ ಕಡಿಮೆಯೋ ಅದನ್ನು ತೆಗೆದುಕೊಳ್ಳಬೇಕು.

ಮೊದಲ ದಾರಿಯಲ್ಲಿ ಅದನ್ನು ಈ ವರ್ಷದ ಖರ್ಚು ಅಂತ ಶೆಡ್ಯೂಲ್ ಎನಲ್ಲಿ ತೋರಿಸುವುದು. ಪ್ರಾಪರ್ಟಿ ಟ್ಯಾಕ್ಸ್, ಬಡ್ಡಿ ಸೇರಿ 41,292 ಆಗುತ್ತದೆ. ಕೇಳಲಿಕ್ಕೆ ದೊಡ್ಡ ಮೊತ್ತ. ಆದರೆ ಏನೂ ತೋರಿಸದಿದ್ದರೂ ದಂಪತಿಗೆ 29,200 ಹೇಗೂ ಬಿಡುತ್ತಾರೆ. ನಿಜವಾಗಿ ಹೆಚ್ಚಿಗೆ ಸಿಕ್ಕಿದ್ದು 12,092 ಮಾತ್ರ. 22 ಪರ್ಸೆಂಟ್ ದರದಲ್ಲಿ ಉಳಿತಾಯ 2,660 ಡಾಲರ್. ಸ್ವಂತ ಮನೆ ಇಲ್ಲದಿದ್ದರೆ ಈ ದಾರಿಯಲ್ಲಿ ಹೆಚ್ಚುಕಡಿಮೆ ಏನೂ ಉಳಿಯುತ್ತಿರಲಿಲ್ಲ.

ಎರಡನೇ ದಾರಿಯಲ್ಲಿ ಹಳೇ ರಿಟರ್ನ್ ತೆಗೆದು, ಆ ಹಣ ಬಂದೇ ಇರಲಿಲ್ಲ ಅಂತ ಇಟ್ಟುಕೊಂಡು ಆ ವರ್ಷದ ಟ್ಯಾಕ್ಸ್ ಮತ್ತೆ ಲೆಕ್ಕ ಹಾಕುವುದು. 2022ರಲ್ಲೂ 2023ರಲ್ಲೂ ನೀವು 12 ಪರ್ಸೆಂಟ್ ದರದಲ್ಲಿ ಇದ್ದಿರಿ. 8,615ಕ್ಕೆ 1,034, 20,677ಕ್ಕೆ 2,481. ಒಟ್ಟು 3,515 ಡಾಲರ್ ಈ ವರ್ಷದ ಟ್ಯಾಕ್ಸ್‌ನಲ್ಲಿ ಕ್ರೆಡಿಟ್, ಅಂದರೆ ಟ್ಯಾಕ್ಸ್‌ನಲ್ಲೇ ನೇರವಾಗಿ ಅಷ್ಟು ಕಡಿತ. ಇದನ್ನು ಶೆಡ್ಯೂಲ್ 3ರಲ್ಲಿ ಹಾಕಬೇಕು. ಕಟ್ಟಬೇಕಾದ ಟ್ಯಾಕ್ಸ್‌ಗಿಂತ ಕ್ರೆಡಿಟ್ ಜಾಸ್ತಿ ಆದರೂ ಹಣ ಕೈಗೆ ಬರುತ್ತದೆ.

ಎರಡನೇ ದಾರಿಯಲ್ಲಿ ನಿಮಗೆ 855 ಹೆಚ್ಚು ಉಳಿಯುತ್ತದೆ. ಅದನ್ನೇ ಹಾಕೋಣ.

ಒಂದು ವಿಷಯ ಮಾತ್ರ ಬೇಸರದಿಂದ ಹೇಳುತ್ತಿದ್ದೇನೆ. ಹಳೇ ವರ್ಷಗಳ ಸೋಶಿಯಲ್ ಸೆಕ್ಯುರಿಟಿ ಪಾಲು 36,088 ಡಾಲರ್ ಈ ವರ್ಷಕ್ಕೆ ಬಂದು ಬಿದ್ದದ್ದರಿಂದ ನಿಮ್ಮ ಟ್ಯಾಕ್ಸ್ ಸುಮಾರು 5,335 ಏರಿದೆ. ಯಾಕೆಂದರೆ ಅದರಲ್ಲಿ ದೊಡ್ಡ ಭಾಗ 22 ಪರ್ಸೆಂಟ್ ದರಕ್ಕೆ ಹೋಯಿತು. ವಾಪಸ್ ಬರುತ್ತಿರುವುದು 12 ಪರ್ಸೆಂಟ್ ದರದಲ್ಲಿ, 3,515. ನಡುವಿನ 1,820 ನೀವು ಭರಿಸಬೇಕು. ತಿಂಗಳು ತಿಂಗಳು ಸರಿಯಾಗಿ ಬಂದಿದ್ದರೆ ಇಷ್ಟು ಬೀಳುತ್ತಿರಲಿಲ್ಲ. 4,275 ಉಳಿಸಿಕೊಂಡಿರಲ್ಲ, ಅದರಲ್ಲಿ ಇದನ್ನು ಕಟ್ಟಿ.

ಸಂಪಿಗೆ_ಟೆಕ್ಸಾಸ್ · 2025 ಫೆಬ್ರವರಿ 12

ಸರ್, ಒಟ್ಟಿಗೆ ಹಣ ಬಂದಾಗ ಅದರಲ್ಲಿ ಟ್ಯಾಕ್ಸ್ ಹಿಡಿದಿರಲಿಲ್ಲ. ದಂಡ ಬೀಳುತ್ತದಾ?

ಲೆಕ್ಕಿಗ · 2025 ಫೆಬ್ರವರಿ 13

ಇಲ್ಲ. 2024ರಲ್ಲಿ ನಿಮ್ಮಿಬ್ಬರ ಹಣದಲ್ಲಿ ಹಿಡಿದಿರುವ ಟ್ಯಾಕ್ಸ್ 2023ರ ಪೂರ್ತಿ ಟ್ಯಾಕ್ಸ್‌ನಷ್ಟು ಇದೆ. ಅಷ್ಟಿದ್ದರೆ ದಂಡ ಇಲ್ಲ. ಮುಂದಕ್ಕೆ ಮಾತ್ರ ಡಬ್ಲ್ಯೂ-4ವಿ ಫಾರ್ಮ್ ಕೊಟ್ಟು ಸೋಶಿಯಲ್ ಸೆಕ್ಯುರಿಟಿಯಲ್ಲೇ 10 ಅಥವಾ 12 ಪರ್ಸೆಂಟ್ ಹಿಡಿಸಿ. ಏಪ್ರಿಲ್‌ನಲ್ಲಿ ಒಮ್ಮೆಲೇ ಕಟ್ಟುವ ಕಷ್ಟ ಇರುವುದಿಲ್ಲ.

ಸಂಪಿಗೆ_ಟೆಕ್ಸಾಸ್ · 2025 ಏಪ್ರಿಲ್ 9

ರಿಟರ್ನ್ ಕಳಿಸಿ ಆಯಿತು. ಕಾಗದದಲ್ಲೇ ಕಳಿಸಿದೆವು, 1341ರ ಲೆಕ್ಕದ ಹಾಳೆ, ಇನ್ಶೂರೆನ್ಸ್‌ನವರ ಪತ್ರ, ಬ್ಯಾಂಕ್ ರಸೀದಿ ಜೊತೆಗಿಟ್ಟು. ಒಟ್ಟಿಗೆ ಫೈಲ್ ಮಾಡುವುದರಿಂದ ಇಬ್ಬರ ಸಹಿಯೂ ಬೇಕಲ್ಲ. ನಾನು ಪವರ್ ಆಫ್ ಅಟಾರ್ನಿಯಲ್ಲಿ ಮಾಡುತ್ತೇನೆ ಅಂದೆ. ನಮ್ಮವರು ಒಪ್ಪಲಿಲ್ಲ. ಮೂರು ವಾರದಿಂದ ಎಡಗೈಯಲ್ಲಿ ಸಹಿ ಅಭ್ಯಾಸ ಮಾಡುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ. ಕನ್ನಡದಲ್ಲಿ ಸಹಿ ಹಾಕಿದರು.

ಮಳೆಗಾಲ_ಸಿಯಾಟಲ್ · 2025 ಏಪ್ರಿಲ್ 14

ಇಡೀ ಚರ್ಚೆ ಓದಿದೆ. ನನ್ನ ಹೆಂಡತಿಗೂ ಇದೇ ಪರಿಸ್ಥಿತಿ, ಮುಂದಿನ ತಿಂಗಳು ವಿಚಾರಣೆ ಇದೆ. ಪ್ರೀಮಿಯಂ ಕಂಪನಿ ಕಟ್ಟಿತ್ತೋ ನಾವು ಕಟ್ಟಿದ್ದೆವೋ ನಮಗೆ ನೆನಪೇ ಇಲ್ಲ. ಈಗ ಹೇಗೆ ಪತ್ತೆ ಹಚ್ಚುವುದು?

ಹೊಳೆಸಾಲು · 2025 ಏಪ್ರಿಲ್ 14

ಅವರು ಕೆಲಸದಲ್ಲಿದ್ದಾಗಿನ ಕೊನೆಯ ಪೇ ಸ್ಲಿಪ್ ತೆಗೆದು ನೋಡಿ. ಎಲ್‌ಟಿಡಿ (ಲಾಂಗ್ ಟರ್ಮ್ ಡಿಸಬಿಲಿಟಿ) ಅಂತ ಒಂದು ಸಾಲು ಇದ್ದು, ಅದು ಟ್ಯಾಕ್ಸ್ ಕಳೆದ ಮೇಲಿನ ಕಡಿತದಲ್ಲಿ ಇದ್ದರೆ ನೀವೇ ಕಟ್ಟಿದ್ದು. ಟ್ಯಾಕ್ಸ್‌ಗೆ ಮೊದಲೇ ಕಡಿತ ಆಗಿದ್ದರೆ ಅದು ಕಂಪನಿ ಕಟ್ಟಿದಂತೆಯೇ ಲೆಕ್ಕ. ಅರ್ಧ ಅವರದು ಅರ್ಧ ನಿಮ್ಮದು ಅಂತಲೂ ಇರುತ್ತದೆ. ಆಗ ಬೆನಿಫಿಟ್‌ನಲ್ಲೂ ಒಂದು ಪಾಲಿಗೆ ಮಾತ್ರ ಟ್ಯಾಕ್ಸ್, ವಾಪಸ್ ಕೊಟ್ಟಾಗಲೂ ಆ ಪಾಲಿಗೆ ಮಾತ್ರ 1341. ಇನ್ಶೂರೆನ್ಸ್‌ನವರು ಕೊಡುವ ಡಬ್ಲ್ಯೂ-2ನ 12ನೇ ಚೌಕದಲ್ಲಿ ಜೆ ಅಕ್ಷರ ಇದ್ದರೆ ಅದರ ಪಕ್ಕದ ಮೊತ್ತ ಟ್ಯಾಕ್ಸ್ ಇಲ್ಲದ್ದು. ಎರಡೂ ಸಿಗದಿದ್ದರೆ ಹಳೇ ಆಫೀಸಿನ ಎಚ್‌ಆರ್‌ಗೆ ಈಗಲೇ ಬರೆಯಿರಿ, ವಿಚಾರಣೆ ಮುಗಿಯುವವರೆಗೆ ಕಾಯಬೇಡಿ.